ಬದುವಿನ ಮೇಲೆ ನಿಂತ ಡ್ರೋನ್

ಶೈಲಜಾ ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವಳು. ವಾರವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು "ಉಸರ ಹಿಡೀರಿ, ಹಾಂ, ಬಿಡ್ರಿ" ಎಂದು ಹೇಳುತ್ತಿರಬೇಕು. ಭಾನುವಾರ ಬಯಲಿಗೆ ಹೋಗಿ ಚಿಕ್ಕದೊಂದು ಡ್ರೋನ್ ಹಾರಿಸುವುದು ಅವಳಿಗಿದ್ದ ಒಂದೇ ಹವ್ಯಾಸ. ಅದರ ತೂಕ ಇನ್ನೂರೈವತ್ತು ಗ್ರಾಂಗಿಂತ ಕಡಿಮೆ, ಹಾಗಾಗಿ ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪರವಾನಗಿ ಬೇಕಿಲ್ಲ. ನೋಂದಣಿಯನ್ನು ಮಾತ್ರ ಅವಳು ಮೊದಲೇ ಮಾಡಿಸಿದ್ದಳು. ಕಷ್ಟವಿದ್ದದ್ದು ಜಾಗದ್ದು.

ಡ್ರೋನ್ ಹಾರಿಸಲು ಎಲ್ಲಿ ಅನುಮತಿಯಿದೆ ಎಂದು ತೋರಿಸುವ ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣವಿದ್ದರೆ ಆಕಾಶ ಸಿಕ್ಕಿತು ಎಂದಷ್ಟೇ ಅರ್ಥ, ನೆಲ ಇನ್ನೂ ಸಿಕ್ಕಿಲ್ಲ ಎಂದು ಅವಳಿಗೆ ಬೇಗನೆ ತಿಳಿಯಿತು. ಕಿತ್ತೂರಿನ ಕೋಟೆ ರಕ್ಷಿತ ಸ್ಮಾರಕ. ಅನುಮತಿಗೆ ಯಾರನ್ನು ಕೇಳಬೇಕೆಂದು ವಿಚಾರಿಸುತ್ತಲೇ ಒಂದು ಬೇಸಿಗೆ ಕಳೆಯಿತು. ಸವದತ್ತಿಯ ಗುಡ್ಡದ ಮೇಲೆ ಯಾವಾಗಲೂ ಜನ, ಕೆಳಗಿಳಿದರೆ ಅಣೆಕಟ್ಟು. ಅಲ್ಲಿ ಅವಳು ಡ್ರೋನಿನ ಡಬ್ಬಿಯನ್ನೇ ತೆರೆಯಲಿಲ್ಲ. ರಾಮದುರ್ಗದ ಕಡೆ ಒಂದು ಬೋಳು ಗುಡ್ಡ ಎಲ್ಲ ರೀತಿಯಿಂದಲೂ ಸರಿಯಾಗಿತ್ತು, ಆದರೆ ಕುರಿ ಮೇಯುತ್ತಿದ್ದವು. ಕುರಿಯವನನ್ನು ಕೇಳಿದಳು.

"ಹಾರಸ್ರೆವಾ, ನಾ ಯಾಕ ಬ್ಯಾಡ ಅನ್ಲಿ? ಕುರಿ ಚದುರಿದ್ರ ನೀವ ಕೂಡಿಸಿ ಕೊಟ್ಟು ಹೋಗ್ರಿ, ಅಷ್ಟ," ಎಂದ ಅವನು.

ಸ್ಕೂಟರ್ ತಿರುಗಿಸಿ ಬಂದುಬಿಟ್ಟಳು.

ಸಂಪಗಾಂವದ ಪರಪ್ಪ ಮುಂಗೈ ಮುರಿದುಕೊಂಡು ಎಕ್ಸ್‌ರೇಗೆ ಬಂದಾಗ ಮಾತಿಗೆ ಮಾತು ಬಂದು ಇದೆಲ್ಲ ಹೇಳಿದಳು. ಅವನು ನಕ್ಕ. "ಅದಕ್ಕ ಇಷ್ಟ ತ್ರಾಸೇನ್ರಿ ಅಕ್ಕಾರ? ನಮ್ಮ ಹೊಲ ಐತಿ, ಬರ್ರಿ."

ಹೊಲ ನಿಜಕ್ಕೂ ಚೆನ್ನಾಗಿತ್ತು. ಸುತ್ತ ಕಡಲೆ ಮತ್ತು ಜೋಳ, ವಿದ್ಯುತ್ ತಂತಿ ಬಹಳ ದೂರ. ಚಳಿಗಾಲದ ಹಲವು ಭಾನುವಾರ ಅವಳು ಅಲ್ಲಿಗೆ ಹೋದಳು. ತಾನೇ ಮಾಡಿಕೊಂಡ ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತಿದ್ದಳು: ಆಳುಗಳು ಕೆಲಸ ಮಾಡುವ ಕಡೆ ಡ್ರೋನ್ ಒಯ್ಯಬಾರದು. ಜನರಿಲ್ಲದ ಜಾಗವೆಂದರೆ ಹೊಲದ ಅಂಚಿನ ಬದು. ಆದ್ದರಿಂದ ಬದುವಿನ ಮೇಲೆ ಏರಿಸಿ, ಬದುವಿನುದ್ದಕ್ಕೂ ಒಯ್ದು, ನಡುವೆ ನಿಲ್ಲಿಸಿ, ಅದೇ ದಾರಿಯಲ್ಲಿ ತಿರುಗಿ ತರುತ್ತಿದ್ದಳು.

ಎಳ್ಳಮಾವಾಸ್ಯೆಯ ಹಿಂದಿನ ವಾರ ಹೋದಾಗ ಪರಪ್ಪನ ಮುಖ ಸಪ್ಪಗಿತ್ತು.

"ಅಣ್ಣ ಮಾತ ಬಿಟ್ಟಾನ್ರಿ ಅಕ್ಕಾರ. ಈ ಸಲ ಚರಗಕ್ಕ ಬರೂದಿಲ್ಲಂತ."

ಬದುವಿನ ಆಚೆಯ ಹೊಲ ಅವನ ಅಣ್ಣ ಅಂದಾನೆಪ್ಪನದು. ಪಾಲಾಗಿ ಬಹಳ ವರ್ಷವಾಗಿದ್ದರೂ ಎಳ್ಳಮಾವಾಸ್ಯೆಯ ದಿನ ಎರಡೂ ಮನೆಯವರು ಒಂದೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅಣ್ಣ ಮುಂದೆ ಅನ್ನ, ಕಡುಬು, ಪಲ್ಯ ಬೆರೆಸಿದ ಚರಗವನ್ನು ಎರಡೂ ಹೊಲಕ್ಕೆ ಚೆಲ್ಲುತ್ತ ನಡೆಯಬೇಕು, ತಮ್ಮ ಹಿಂದೆ ನೀರು ಚಿಮುಕಿಸುತ್ತ ಬರಬೇಕು. ಹಾಗೆ ನಡೆಯುತ್ತಿದ್ದದ್ದು ಆ ಬದುವಿನ ಮೇಲೆಯೇ.

"ನಾ ಡ್ರೋನ್ ಬಿಟ್ಟು ಮೋಜಣಿ ಮಾಡಸಾಕತ್ತೇನಿ ಅಂತ ತಿಳಕೊಂಡಾನ," ಎಂದ ಪರಪ್ಪ.

ಊರೊಳಗಿನ ಮನೆಗಳ ಅಳತೆಗೆ ಸರ್ಕಾರದ ಡ್ರೋನ್ ಬಂದುಹೋದಾಗಿನಿಂದ, ಆಕಾಶದಲ್ಲಿ ಗುಂಯ್‌ಗುಡುವುದೆಲ್ಲ ಜನರಿಗೆ ಮೋಜಣಿಯೇ, ಜಮೀನಿನ ಅಳತೆಯೇ. ಶೈಲಜಾ ಡಬ್ಬಿ ತೆರೆಯಲಿಲ್ಲ. ನೇರವಾಗಿ ಅಂದಾನೆಪ್ಪನ ಮನೆಗೆ ಹೋದಳು.

ಅವನು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. "ನಮ್ಮ ತಮ್ಮ ಶ್ಯಾಣ್ಯಾ ಅದಾನ. ಮೋಜಣಿಗೆ ಹೆಣ್ಣಮಗಳನ್ನ ಹಿಡದಾನ, ಯಾರೂ ಬೈಬಾರದಂತ."

"ಮೋಜಣಿ ಅಲ್ಲರಿ ಕಾಕಾ. ನಾ ದವಾಖಾನಿಯಾಗ ಎಕ್ಸ್‌ರೇ ತಗ್ಯಾಕಿ."

"ಹಂಗಾರ ಹೊಲದ ಎಕ್ಸ್‌ರೇ ತಗದಿ."

ಒಳಗಿನಿಂದ ಅವನ ಹೆಂಡತಿ ರಾಚವ್ವ ನಕ್ಕ ಸದ್ದು ಕೇಳಿಸಿತು. ಅವನು ನಗಲಿಲ್ಲ.

"ಅಷ್ಟ ದೊಡ್ಡ ಆಕಾಶ ಐತಿ ತಂಗಿ. ಅದು ಬದುವಿನ ಮ್ಯಾಲೇ ಯಾಕ ನಿಂತಿತ್ತು?"

ಅದಕ್ಕೆ ಉತ್ತರವಿತ್ತು. ಆಳುಗಳ ತಲೆಯ ಮೇಲೆ ಬೀಳಬಾರದೆಂದು. ಹೇಳಿದಳು ಕೂಡ. ಆದರೆ ಹೇಳುತ್ತಿದ್ದಂತೆಯೇ, ಅಳೆಯಲು ಬಂದವರೂ ಹಾರಿಸುವುದು ಇದೇ ದಾರಿಯಲ್ಲೇ ಎಂದು ಅವಳಿಗೆ ಹೊಳೆಯಿತು. ಮುಚ್ಚಿಡುವಂಥದ್ದೇನಿಲ್ಲ ಎಂದು ಫೋನ್ ತೆಗೆದು ಡ್ರೋನ್ ಮೇಲಿನಿಂದ ಹಿಡಿದಿದ್ದ ವಿಡಿಯೋ ತೋರಿಸಿದಳು.

ಅಂದಾನೆಪ್ಪ ಫೋನನ್ನು ದೂರ ಹಿಡಿದು ನೋಡಿದ. ಬದು ನೇರ ಬಂತು. ನಟ್ಟನಡುವೆ ಪರಪ್ಪನ ಹೊಲದೊಳಕ್ಕೆ ಹೊಟ್ಟೆಯ ಹಾಗೆ ಬಾಗಿತು, ಆಮೇಲೆ ಮತ್ತೆ ನೇರವಾಯಿತು. ನೆಲದ ಮೇಲೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಶೈಲಜಾಳೂ ಅದನ್ನು ಗಮನಿಸಿದ್ದು ಅದೇ ಮೊದಲು.

ಹಗ್ಗ ಅವನ ತೊಡೆಯ ಮೇಲೆ ಹಾಗೇ ಬಿಚ್ಚಿಕೊಳ್ಳುತ್ತಿತ್ತು. "ಇದನ್ನ ಪರಪ್ಪ ನೋಡ್ಯಾನೇನು?"

"ಇಲ್ಲರಿ. ಇದು ಅಳತಿ ಕ್ಯಾಮರಾ ಅಲ್ಲರಿ ಕಾಕಾ. ಚಿತ್ರದ ಅಂಚಿನ್ಯಾಗ ನೆಟ್ಟಗಿದ್ದ ಗೆರಿನೂ ಸೊಟ್ಟ ಕಾಣ್ತೈತಿ. ಇದನ್ನ ನೋಡಿ ಯಾರೂ ಅಳಿಯಾಕ ಬರೂದಿಲ್ಲ."

ಅದು ಸುಳ್ಳಲ್ಲ. ಬದು ಬಾಗಿದ್ದು ಚಿತ್ರದ ಅಂಚಿನಲ್ಲಿ ಅಲ್ಲ ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ಅವನ ಎದುರಿಗೇ ವಿಡಿಯೋ ಅಳಿಸಿದಳು.

"ಅಮಾಸಿಗೆ ಬರ್ತೀರಲ್ರಿ?"

"ಅದು ನಮ್ಮ ಅಣ್ಣತಮ್ಮರ ಮಾತು."

"ಬರ್ತಾರ ಬಿಡವಾ," ಎಂದಳು ರಾಚವ್ವ, ಹೊಸ್ತಿಲಿಗೆ ಬಂದು. "ಸಜ್ಜಿ ಬೀಸಿಟ್ಟೇನಿ. ಅಷ್ಟೂ ರೊಟ್ಟಿ ನಾ ಒಬ್ಬಾಕೀನ ತಿನ್ಲೇನು? ಕುಂಡ್ರು, ಚಾ ಕುಡದು ಹೋಗು."

ಅಂದಾನೆಪ್ಪ ಬೇಡವೆನ್ನಲಿಲ್ಲ.

ಪರಪ್ಪ ಊರ ಹೊರಗಿನ ರಸ್ತೆಯಲ್ಲಿ ಕಾಯುತ್ತಿದ್ದ. "ಏನಂದ ನಮ್ಮಣ್ಣ?"

"ಬರ್ತಾರಂತ ನಿಮ್ಮ ವೈನಿ ಹೇಳಿದ್ರು."

"ವಿಡಿಯೋ ತೋರಿಸಿದ್ರೇನು?"

"ಹೂಂ. ಅಳಿಸಿಬಿಟ್ಟೆ."

"ನಡುವ ಸೊಟ್ಟ ಕಂಡಿರಬೇಕು," ಎಂದ ಪರಪ್ಪ.

ಅವಳು ಸ್ಕೂಟರ್ ಬಂದ್ ಮಾಡಿದಳು.

"ನನಗ ಗೊತ್ತೈತ್ರಿ ಅಕ್ಕಾರ. ಪಾಲಾದ ವರ್ಷ ಅವನ ಎತ್ತಿನ ಕಾಲು ಕುಂಟಿತ್ತು, ಬದುವಿನ ನಡುವ ಅದನ್ನ ಹೊಳ್ಳಸಾಕ ಜಾಗ ಸಾಲ್ತಿದ್ದಿಲ್ಲ. ಒಂದೆರಡು ಸಾಲು ಈ ಕಡೆ ಬಂದ. ನಾ ಏನೂ ಅನ್ಲಿಲ್ಲ. ಅವನೂ ಏನೂ ಅನ್ಲಿಲ್ಲ. ಎತ್ತು ಹೋತು, ಟ್ರ್ಯಾಕ್ಟರ್ ಬಂತು. ಈಗ ಯಾರ ಅನ್ನೂದು?" ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡ. "ಇನ್ನೊಂದ ಸಲ ಅದು ಮ್ಯಾಲ ಹಾರಿತಂದ್ರ ನಾವಿಬ್ರೂ ಅಣ್ಣತಮ್ಮರು ಇದನ್ನ ಮಾತಾಡಬೇಕಾಗ್ತೈತಿ. ತಪ್ಪ ತಿಳ್ಕೋಬ್ಯಾಡ್ರಿ. ಅಮಾಸಿಗೆ ನೀವು ಉಣ್ಣಾಕ ಬರ್ರಿ. ಅದು ಮನ್ಯಾಗಿರ್ಲಿ."

ಬದು ಬಿಟ್ಟು ಹೊಲದ ಈಚೆ ತುದಿಯಲ್ಲಿ ಹಾರಿಸುತ್ತೇನೆ ಎನ್ನಬಹುದಿತ್ತು. ಆದರೆ ಬದು ಎಲ್ಲಿಂದ ಹಾರಿಸಿದರೂ ಕಾಣುತ್ತದೆ. "ಬರತೇನ್ರಿ," ಎಂದಷ್ಟೇ ಹೇಳಿ ಸ್ಕೂಟರ್ ಚಾಲೂ ಮಾಡಿದಳು.

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ನಕ್ಷೆ ತೆರೆದು ಮತ್ತೊಂದು ಜಾಗ ಹುಡುಕುವ ಉಮೇದು ಇರಲಿಲ್ಲ. ಆದರೆ ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಹಾಗೇ ಇತ್ತು. ತುಂಬಿದ ಬ್ಯಾಟರಿಯನ್ನು ಬಹಳ ದಿನ ಇಟ್ಟರೆ ಉಬ್ಬುತ್ತದೆ, ಅರ್ಧಕ್ಕೆ ಇಳಿಸಿ ಇಡಬೇಕು.

"ಫ್ಯಾನ್ ಬಂದ್ ಮಾಡ್ರಿ," ಎಂದಳು ಗಂಡ ಯುವರಾಜನಿಗೆ.

"ಮನಿ ಒಳಗ ಹಾರಸಾಕ ಯಾರ ಪರವಾನಗಿ ಬೇಕು?" ಎಂದ ಅವನು, ಸ್ವಿಚ್ ಒತ್ತುತ್ತ.

"ನಿಮ್ಮದು."

"ಕೊಟ್ಟೇನಿ. ನನ್ನ ತಲಿ ಮ್ಯಾಲ ಬ್ಯಾಡ."

ಡ್ರೋನ್ ನಡುಮನೆಯಲ್ಲಿ ಸೊಂಟದೆತ್ತರಕ್ಕೆ ಏರಿ ನಿಂತಿತು. ಕ್ಯಾಲೆಂಡರಿನ ಹಾಳೆಗಳು ಪಟಪಟ ಬಡಿದವು. ಯುವರಾಜ ಕಾಲು ಮಡಚಿ ಸೋಫಾದ ಮೇಲೆ ಕುಳಿತು ನೋಡುತ್ತಿದ್ದ. ಬ್ಯಾಟರಿ ಅರ್ಧಕ್ಕಿಳಿಯುವವರೆಗೆ ಅವಳು ಅದನ್ನು ಅಲ್ಲೇ ನಿಲ್ಲಿಸಿ, ಆಮೇಲೆ ಇಳಿಸಿ, ರೆಕ್ಕೆ ಮಡಚಿ ಕಪಾಟಿನಲ್ಲಿಟ್ಟಳು.