ಕ್ರಿಸ್ಟೋಫರನ ಮೇಲೊಂದು ಗುಮಾನಿ

ಮಳೆ ಬಂದು ನಿಂತ ಮೇಲೆ ನಮ್ಮ ಹಳೇ ಕಾರಿನ ಬಾಗಿಲು ತೆಗೆದರೆ ಒದ್ದೆ ಚಾಪೆಯ ವಾಸನೆ ಬರುತ್ತದೆ. ನೀವಾದರೆ ಕಿಟಕಿ ಇಳಿಸುತ್ತೀರಿ. ನಾನು ಮಂಡಿಯೂರಿ, ಕಾರ್ಪೆಟ್ ಎತ್ತಿ, ಟಾರ್ಚ್ ಹಿಡಿದು ತುಕ್ಕು ಹುಡುಕುತ್ತೇನೆ. ಇವತ್ತು ಅದಕ್ಕೆ ಕಾರಣವೂ ಇತ್ತು. ಮಗಳು ಶ್ರಾವ್ಯ ಮೊದಲ ಸಲ ಒಬ್ಬಳೇ ಇದನ್ನು ಡ್ರೈವ್ ಮಾಡಿಕೊಂಡು ಮೂರು ತಾಸು ದೂರದ ರಿಚರ್ಡ್‌ಸನ್ನಿನ ಕಾಲೇಜಿಗೆ ಹೊರಡುವವಳಿದ್ದಳು. ಅವಳಿಗೆ ತಿಳಿಯದಂತೆ ಇನ್ನೊಂದು ಕಾರಿನಲ್ಲಿ ಹಿಂದಿನಿಂದ ಹೋಗುವ ಯೋಜನೆ ನನ್ನದು.

ಈ ಕಾರು ಸೆಲಿನ್ ಆಂಟಿಯದಾಗಿತ್ತು. ಮಂಗಳೂರಿನವರು, ಹ್ಯೂಸ್ಟನ್ನಿನಲ್ಲಿ ಬಹಳ ಕಾಲ ಇದ್ದು, ಆಮೇಲೆ ಆಸ್ಟಿನ್ನಿಗೆ ಅಂಟಿಕೊಂಡ ಫ್ಲೂಗರ್‌ವಿಲ್‌ಗೆ, ನಮ್ಮ ಪಕ್ಕದ ಮನೆಗೆ ಶಿಫ್ಟ್ ಆದವರು. ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟಾಗ ಕಾರನ್ನು ನಮಗೆ ಮಾರಿದರು. ಹ್ಯೂಸ್ಟನ್ ಕಾರೆಂದರೆ ಇಲ್ಲಿ ಜನ ಮೊದಲು ಕೇಳುವುದು ಅಲ್ಲಿನ ನೆರೆನೀರಿನ ವಿಷಯ; ಮುಳುಗಿದ ಕಾರನ್ನು ಒರೆಸಿ ಮಾರುವವರಿದ್ದಾರೆ. ಸಾಲದ್ದಕ್ಕೆ ಒಳಗೊಂದು ಬೆಳ್ಳಿಬಿಲ್ಲೆ ಸಿಕ್ಕಿಸಿತ್ತು: ಗಡ್ಡದ ದೈತ್ಯನೊಬ್ಬ ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾನೆ. ನೀರು! ಕಾರು ಕೊಂಡ ದಿನವೇ ಆಂಟಿಯನ್ನು ನಮ್ಮ ಗ್ಯಾರೇಜಿಗೆ ಕರೆದೆ.

"ಆಂಟಿ, ಈ ಗಾಡಿ ನೀರಾಗ ಮುಳುಗಿತ್ತೇನ್ರಿ?" ನಾನು ಹುಬ್ಬಳ್ಳಿಯವನು, ಗಾಬರಿಯಾದರೆ ಊರ ಮಾತೇ ಬಾಯಿಗೆ ಬರುತ್ತದೆ.

"ಎಂತ ಮಾರಾಯ! ಅದು ಸಂತ ಕ್ರಿಸ್ಟೋಫರ್. ಪ್ರಯಾಣದವರನ್ನು ಕಾಯುವವ. ಇನ್ಸ್‌ಪೆಕ್ಷನ್ ರಿಪೋರ್ಟ್ ಅಲ್ಲ!"

ಕಾಯುವವನೇ ಆದರೆ ಅವನನ್ನು ಕಾರಿನ ಜೊತೆಗೆ ಕೊಟ್ಟುಬಿಡುವುದೇಕೆ?

ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಆಂಟಿ ಕಥೆ ಹೇಳಿದರು. ದೈತ್ಯನಿಗೆ ಲೋಕದ ಅತಿ ದೊಡ್ಡವನ ಸೇವೆಯೇ ಬೇಕಿತ್ತು. ರಾಜನಲ್ಲಿ ಸೇರಿದ. ಸೈತಾನನ ಹೆಸರೆತ್ತಿದರೆ ರಾಜ ಬೆಚ್ಚುವುದನ್ನು ಕಂಡು ಸೈತಾನನ ಬಳಿಗೆ ಹೋದ. ದಾರಿಬದಿಯ ಶಿಲುಬೆಗೆ ಹೆದರಿ ಸೈತಾನ ಸುತ್ತು ಬಳಸಿ ನಡೆದಾಗ ಅವನನ್ನೂ ಬಿಟ್ಟ. ಆಸ್ಟಿನ್ನಿನಲ್ಲಿ ಹೀಗೆ ಕಂಪನಿ ಬದಲಿಸಿದವರು ಬೇಕಾದಷ್ಟಿದ್ದಾರೆ. ಆದರೆ ಧಣಿಯ ಮುಖದಲ್ಲಿ ಭಯ ಹುಡುಕುವ ಚಾಳಿ ಅಪ್ಪಟ ನನ್ನದು! ಸಂತನೊಬ್ಬ ನನಗೆ ನೆಂಟನಂತೆ ಕಂಡದ್ದು ಅದೇ ಮೊದಲು. ಕೊನೆಗೆ ಒಬ್ಬ ವಿರಕ್ತ ಅವನನ್ನು ಜನರಿಗೆ ಹೊಳೆ ದಾಟಿಸುವ ಕೆಲಸಕ್ಕೆ ಹಚ್ಚಿದನಂತೆ. ಒಂದು ದಿನ ಒಂದು ಕೂಸು ಹೆಗಲೇರಿತು. ನಡುಹೊಳೆಯಲ್ಲಿ ಅದರ ಭಾರಕ್ಕೆ ದೈತ್ಯನ ಕಾಲು ನಡುಗಿತು. ದಡ ಮುಟ್ಟಿದ ಮೇಲೆ ತಿಳಿಯಿತು, ಅದು ಬಾಲಯೇಸು. ಲೋಕದ ಭಾರವೆಲ್ಲ ಅದರೊಂದಿಗಿತ್ತು.

ನಾನು ಬಿಡುತ್ತೇನೆಯೆ? ಫೋನಿನಲ್ಲಿ ಹುಡುಕಿ, ಮುಂದಿನ ವಾರ ಆಂಟಿಯನ್ನು ಹಿಡಿದುಕೊಂಡೆ: "ಈ ಮನುಷ್ಯಾ ಇದ್ದದ್ದ ಖಾತ್ರಿ ಇಲ್ಲಂತಾರಲ್ರಿ ಪಂಡಿತರು?"

"ದೇವಸ್ಥಾನದ ಪಾರ್ಕಿಂಗಿನಲ್ಲಿ ಟೈರಿನಡಿ ಲಿಂಬೆ ಇಟ್ಟು ಜಜ್ಜಿದೆಯಲ್ಲ, ಅದಕ್ಕೆ ಆಧಾರ ಕೇಳಿದ್ದುಂಟಾ ನೀನು?"

ಬಿಲ್ಲೆಯನ್ನು ನಾನು ತೆಗೆಯಲಿಲ್ಲ. ಭಕ್ತಿ ಎಂದುಕೊಳ್ಳಬೇಡಿ, ತೆಗೆದ ದಿನವೇ ಏನಾದರೂ ಆದೀತೆಂಬ ಹೆದರಿಕೆ.

"ಅಪ್ಪಾ, ನಾಟ್ ಅಗೇನ್!" ಇವತ್ತು ನಾನು ಕಾರ್ಪೆಟ್ ಇಳಿಸುವ ಹೊತ್ತಿಗೆ ಶ್ರಾವ್ಯ ಬ್ಯಾಗು ಹಿಡಿದು ಹಿಂದೆ ನಿಂತಿದ್ದಳು. ತುಕ್ಕು ಸಿಕ್ಕಿರಲಿಲ್ಲ. ಯಾವತ್ತೂ ಸಿಕ್ಕಿಲ್ಲ.

"ರಸ್ತೆ ಮ್ಯಾಲೆ ನೀರು ಹರಿಯಾಕತ್ತಿದ್ರ..."

"ಐ ಟರ್ನ್ ಅರೌಂಡ್. ಐ ನೋ." ಆಮೇಲೆ, ಗ್ಯಾರೇಜಿಗೆ ಯಾವಾಗಲೂ ಚಪ್ಪಲಿಯಲ್ಲೇ ಬರುವ ನನ್ನ ಕಾಲು ನೋಡಿದಳು. "ವೈ ಆರ್ ಯು ವೇರಿಂಗ್ ಶೂಸ್?"

ನನ್ನ ಮಗಳಲ್ಲವೆ, ಗುಮಾನಿ ರಕ್ತದಲ್ಲೇ ಬಂದಿದೆ.

ದಡದಲ್ಲಿ ಇಳಿದ ಕೂಸು ಆಮೇಲೆ ಎತ್ತ ಹೋಯಿತು, ದೈತ್ಯ ಅದರ ಬೆನ್ನು ಹತ್ತಿದನೆ ಎಂದು ಆಂಟಿ ಹೇಳಿರಲಿಲ್ಲ. ಎಲ್ಲವನ್ನೂ ಕೆದಕುವ ನಾನು ಅದೊಂದನ್ನು ಕೇಳಿಯೇ ಇರಲಿಲ್ಲ.

"ಸುಮ್ನ," ಎಂದೆ. ಅವಳು ರಿವರ್ಸ್ ತೆಗೆದು, ಇಂಡಿಕೇಟರ್ ಹಾಕಿ, ತಿರುವಿನಲ್ಲಿ ಮರೆಯಾದಳು. ನಾನು ಮೆಟ್ಟಿಲ ಮೇಲೆ ಕೂತು, ಇನ್ನೊಂದು ಕಾರಿನ ಕೀ ಪಕ್ಕಕ್ಕಿಟ್ಟು, ಒಂದೊಂದಾಗಿ ಶೂ ಬಿಚ್ಚಿದೆ.