ಮುಂಬಯಿಯಲ್ಲಿ ನಾನು ತೊಳೆದ ತಟ್ಟೆಗಳು

ಖಾಲಿ ತಟ್ಟೆ ತೊಳೆದದ್ದಕ್ಕೆ ಮುಂಬಯಿಯ ಲ್ಯಾಬಿನಲ್ಲಿ ನನ್ನನ್ನು ಹೊರಗೆ ಹಾಕುವ ಮಾತು ಬಂತು. ಹೌದು ರೀ, ತೊಳೆದದ್ದಕ್ಕೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು, ಒಳಗೆ ಏನೂ ಕಾಣುತ್ತಿರಲಿಲ್ಲ. ಸಂಶೋಧನೆಗೆಂದು ಸೇರಿ ಇನ್ನೂ ಒಂದು ವಾರವಾಗಿರಲಿಲ್ಲ, ಉಜ್ಜಿ ಉಜ್ಜಿ ತೊಳೆದು ಬೋರಲು ಹಾಕಿಟ್ಟೆ. ಅವು ನನ್ನ ಸೀನಿಯರ್ ಶಿರೀಷನವು. ನೋಡಿದವನೇ ಕೂಗಾಡಿದ: "ಯಾರು ಹೇಳಿದರು ನಿನಗೆ ತೊಳೆಯೋದಕ್ಕೆ? ನನ್ನ ಕೆಲಸವೆಲ್ಲ ಮಣ್ಣುಪಾಲಾಯಿತು."

ಅವನ ಸಿಟ್ಟಿಗೆ ಕಾರಣವಿತ್ತು. ನಮ್ಮ ಮೈಯ ಜೀವಕೋಶಗಳಿಗೆ ಬರೀ ಆಹಾರ ಸಾಲದು, ಕಾಲೂರಲು ನೆಲ ಬೇಕು. ಆ ನೆಲವನ್ನು ಅವೇ ತಮ್ಮ ಸುತ್ತ ನೇಯ್ದುಕೊಳ್ಳುತ್ತವೆ, ಕಣ್ಣಿಗೆ ಕಾಣದ ಎಳೆಗಳ ಬಲೆ. ಲ್ಯಾಬಿನವರು ಅದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಕೋಶ ಅದನ್ನು ಹಿಡಿದುಕೊಂಡರೆ ಆ ಹಿಡಿತದಿಂದಲೇ ಒಳಕ್ಕೆ ಸುದ್ದಿ ಮುಟ್ಟುತ್ತದೆ: ನೆಲ ಸಿಕ್ಕಿದೆ, ಚಾಚಿಕೋ, ಎರಡಾಗು. ಹಿಡಿಯಲು ಏನೂ ಸಿಗದಿದ್ದರೆ ಸುತ್ತ ಎಷ್ಟು ಆಹಾರವಿದ್ದರೂ ಗುಂಡಗಾಗಿ ತೇಲಿ ಸಾಯುತ್ತದೆ. ಶಿರೀಷ ಕೋಶಗಳನ್ನು ಬೆಳೆಸಿ, ಅವನ್ನಷ್ಟೇ ತೆಗೆದು, ಅವು ಬಿಟ್ಟುಹೋದ ಬಲೆಯನ್ನು ಹೊಸ ಕೋಶಗಳಿಗಾಗಿ ಉಳಿಸಿದ್ದ. ನಾನು ಅದನ್ನು ಚರಂಡಿಗೆ ಬಿಟ್ಟಿದ್ದೆ.

"ಯಾಕೆ ತೊಳೆದೆ?" ಎಂದು ಗೈಡ್ ಕೇಳಿದರು. ನನ್ನ ರಾಯಚೂರಿನ ಉರ್ದುವಿನಲ್ಲಿ ಒಂದು ‘ನಕ್ಕೋ’, ಅಂದರೆ ಬೇಡ, ಬಂದರೆ ಬಿದ್ದು ಬಿದ್ದು ನಗುವ ಮಂದಿಗೆ ಏನಂತ ಹೇಳಲಿ? ದೇವದುರ್ಗದ ಹೋಟೆಲಿನಲ್ಲಿ ಚಹಾ ಕುಡಿದರೆ ನಮ್ಮ ಕೇರಿಯವರು ಗ್ಲಾಸು ತೊಳೆದು ಬೋರಲು ಹಾಕಬೇಕು. ಮಾನ್ವಿಯಲ್ಲೂ ಅಷ್ಟೇ. ರಾಯಚೂರಿನಲ್ಲಿ ಕಾಲೇಜು ಓದುವಾಗ ಗೆಳತಿಯ ಮನೆಯಲ್ಲೂ ಅಷ್ಟೇ. ತುಟಿ ತಾಗಿದ ಗುರುತೂ ಉಳಿಯಬಾರದು. ಇದನ್ನು ಓದುತ್ತಿರುವ ಊರಿನವರೇ, ನೀವೇ ಕಲಿಸಿದ ವಿದ್ಯೆ ಇದು, ಬೆಂಕಿ ಬೀಳಲಿ ಇದಕ್ಕೆ. ಕುಡಿದದ್ದು, ತಿಂದದ್ದು, ಮುಟ್ಟಿದ್ದು, ಏನು ಕೈಗೆ ಬಂದರೂ ತೊಳೆದಿಡುವ ಚಾಳಿ ನನಗೆ ಅಂಟಿಬಿಟ್ಟಿತ್ತು.

"ಆ ತಟ್ಟೆಗಳನ್ನು ನೀನೇ ಮತ್ತೆ ತಯಾರು ಮಾಡು. ಆಗದಿದ್ದರೆ ಊರಿಗೆ ಹೊರಡು" ಎಂದರು ಗೈಡ್.

ಊರಿಗೆ ಹೋಗಿ ಏನು ಮಾಡಲಿ? ಇಲ್ಲಿ ಸ್ವರ್ಗವಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ "ನೀವು ಯಾವ ಮಂದಿ?" ಎಂದು ಕೇಳುತ್ತಾರೆ, ಇಲ್ಲಿ ಬಾಡಿಗೆಗೆ ಖೋಲಿ ಕೊಡುವ ಮುಂಚೆ ‘ಆಡನಾವ್’ ಕೇಳುತ್ತಾರೆ, ಅಂದರೆ ಮನೆತನದ ಹೆಸರು. ಎರಡೂ ಒಂದೇ ಪ್ರಶ್ನೆ. ಕೊನೆಗೆ ಇಬ್ಬರು ನರ್ಸುಗಳು ತಮ್ಮ ಖೋಲಿಯಲ್ಲಿ ನನಗೊಂದು ಮೂಲೆ ಕೊಟ್ಟರು. ಜೋಳದ ರೊಟ್ಟಿಯ ಬದಲು ಪಾವ್, ಎಷ್ಟು ತಿಂದರೂ ಹೊಟ್ಟೆ ತುಂಬುತ್ತಿರಲಿಲ್ಲ. ಆದರೆ ಲ್ಯಾಬಿನ ಕ್ಯಾಂಟೀನಿನಲ್ಲಿ ಒಂದು ದಿನ ‘ಕಟಿಂಗ್’, ಅಂದರೆ ಅರ್ಧ ಗ್ಲಾಸು ಚಹಾ, ಕುಡಿದು ಗ್ಲಾಸನ್ನು ಮೇಜಿನ ಮೇಲೇ ಬಿಟ್ಟು ಎದ್ದೆ. ಯಾರಾದರೂ ಕರೆದಾರೆಂದು ಬಾಗಿಲು ದಾಟುವವರೆಗೂ ಕಿವಿಗೊಟ್ಟೆ. ಯಾರೂ ಕರೆಯಲಿಲ್ಲ.

ಹಟ ಹಿಡಿದು ಕೋಶಗಳನ್ನು ಬೆಳೆಸಿದೆ, ಬಲೆ ಉಳಿಸಿದೆ. ಅದರ ಮೇಲೆ ಬಿಟ್ಟ ಹೊಸ ಕೋಶಗಳು ಮೈ ಚಾಚಿ ಕೂತಿದ್ದನ್ನು ಗೈಡ್ ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆಯಾಡಿಸಿದರು. ನನ್ನ ಜಾಗ ಉಳಿಯಿತು.

ಆಮೇಲೆ ಅಪ್ಪ ನನ್ನನ್ನು ನೋಡಲು ಬಂದ. ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿ ಹೊಸದಾಗಿ ಏಳುತ್ತಿದ್ದ ವಿದ್ಯುತ್ ಸ್ಥಾವರದಲ್ಲಿ ಕಾಂಕ್ರೀಟು ಹೊರುತ್ತಿದ್ದವ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಚಹಾ ಮುಗಿದದ್ದೇ ಎರಡೂ ಗ್ಲಾಸು ಹಿಡಿದು ನಳ ಹುಡುಕಲು ಎದ್ದ.

"ಯಪ್ಪಾ, ಅಲ್ಲೇ ಇಡು. ಇಲ್ಲಿ ತೊಳಿಯಂಗಿಲ್ಲ."

"ಸುಮ್ನಿರು ಯವ್ವಾ. ಯಾರರ ನೋಡಿದ್ರ ನಿನ್ನ ನೌಕರಿ ಹೋಗ್ತದ."

"ಹೋಗಂಗಿಲ್ಲ. ಇಡು ಅಂದ್ರ ಇಡು."

ನನ್ನ ದನಿಗೆ ಆಚೀಚೆ ಕೂತವರು ತಿರುಗಿ ನೋಡಿದರು. ಅಪ್ಪ ಗ್ಲಾಸುಗಳನ್ನು ಇಟ್ಟ. "ಇಲ್ಲೇನೋ ಹಿಂಗ ಬಿಟ್ಟಿ. ಊರಿಗೆ ಬಂದ್ರ ಏನ್ ಮಾಡ್ತಿ?"

ಊರಿಗೆ ಬರಬೇಕೆಂದು ಜೀವ ಹಪಹಪಿಸುತ್ತದೆ. ಅವ್ವನ ಕೈಯ ಪುಂಡಿಪಲ್ಲೆ ನೆನೆದರೆ ಅಳು ಬರುತ್ತದೆ. ಆದರೆ ಬಂದರೆ ನಾನು ಗ್ಲಾಸು ತೊಳೆಯುವುದಿಲ್ಲ. ನನಗೆ ನೀವು ಏನೂ ಮಾಡಲಿಕ್ಕಿಲ್ಲ, ಮುಂಬಯಿಯಲ್ಲಿ ಓದುವವಳು. ನಾನು ರೈಲು ಹತ್ತಿದ ಮೇಲೆ ನೀವು ಬಡಿಯುವುದು ನಮ್ಮ ಅಪ್ಪನನ್ನು. ಅದಕ್ಕೇ ಈ ಸಲದ ರಜೆಗೂ ಬರಲಿಲ್ಲ.