ಇಬ್ಬರು ಮುದುಕರು, ಒಬ್ಬ ಮಾಸ್ತರರು

ನಮ್ಮ ಓಣಿಯ ನಾಟಕದ ಮಾಸ್ತರರ ಗದ್ದದ ಮೇಲೆ ಕೂದಲೇ ಹುಟ್ಟದ ನುಣುಪಾದ ಒಂದು ಪಟ್ಟಿ ಇತ್ತು. ಹರೆಯದಿಂದಲೂ ಬಿಳಿ ಗಡ್ಡ ಅಂಟಿಸಿಕೊಂಡು ಮುದುಕರ ಪಾತ್ರ ಮಾಡಿ, ಆ ಅಂಟು ಕಿತ್ತು ಕಿತ್ತು ಹಾಗಾಗಿತ್ತು. ನಿಜವಾಗಿ ಮುದುಕರಾಗಿ ಗಡ್ಡ ಬಿಟ್ಟಾಗಲೂ ಅಲ್ಲಿ ಮಾತ್ರ ಬರಲಿಲ್ಲ. “ಸುಳ್ಳ ಗಡ್ಡ ಹಚ್ಚಿದೆ ಅಂತ ಖರೇ ಗಡ್ಡ ಸಿಟ್ಟಾಗೇತಿ” ಎಂದು ನಗುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಾತು ಬಿಟ್ಟವಳ ಹಾಗಿದ್ದೆ. ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸಂಜೆ ಹೊತ್ತು ನಾಟಕದ ತಾಲೀಮು ನಡೆಯುತ್ತಿತ್ತು. ಬೀಳಗಿ ಕಡೆಯ ಹಳ್ಳಿಯ ಸಾಲಿಯಲ್ಲಿ ನಾನು ಓದು ಕಲಿತದ್ದು ತಿಳಿದು ಮಾಸ್ತರರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಟರು ಮಾತು ಮರೆತರೆ ಪರದೆಯ ಹಿಂದಿನಿಂದ ಹೇಳಿಕೊಡಬೇಕು. ಮುಖ ತೋರಿಸುವ ಕೆಲಸವಲ್ಲವೆಂದು ಒಪ್ಪಿದೆ. ಆದರೆ ನನ್ನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. “ತಂಗಿ, ಮಾತು ಸೆರಗಿನ್ಯಾಗ ಉಳೀತು, ಒಂದೀಟು ಕೊಡವು ಬೇ” ಎನ್ನುತ್ತಿದ್ದರು.

ಶೆಡ್ಡಿನ ಎರಡೂ ಬದಿಗೆ ವಿದ್ಯುತ್ ಮಗ್ಗಗಳು ಬಡಿಯುತ್ತಿದ್ದವು. ನಾಟಕದ ದಿನ ಮಗ್ಗ ನಿಲ್ಲಿಸುವುದು ಓಣಿಯ ರೂಢಿ; ತಾಲೀಮಿಗೆ ಯಾರೂ ನಿಲ್ಲಿಸುತ್ತಿರಲಿಲ್ಲ. ಹೀಗಾಗಿ ನಮ್ಮ ನಟರೆಲ್ಲ ಒದರಿಯೇ ಮಾತು ಕಲಿತವರು. ಒಂದು ವರ್ಷ ಮಾಸ್ತರರು, ಮಗಳನ್ನು ಮನೆಯಿಂದ ಹೊರಹಾಕಿ ಕೊನೆಗಾಲದಲ್ಲಿ ಮರುಗುವ ತಂದೆಯಾಗಿ ಗುಡುಗಿದರು. ಊರು ಅತ್ತಿತು. ಮುಂದಿನ ವರ್ಷದ ನಾಟಕದಲ್ಲಿ ಇನ್ನೊಬ್ಬ ಮುದುಕ. ಹೆಂಡತಿ ಇರುವ ತನಕ ಅವಳಿಗೆ ಒಂದು ಒಳ್ಳೆಯ ಮಾತು ಆಡದೆ, ಸತ್ತ ಮೇಲೆ ಅವಳು ಮಲಗುತ್ತಿದ್ದ ಬರಿದಾದ ಹೊರಸಿನ ಮುಂದೆ ಕೂತು ಮಾತಾಡುವವನು. ಮಾಸ್ತರರು ಅದನ್ನೂ ಗುಡುಗಲು ಹೋದರು. ಆದರೆ ಬೇನೆಯಿಂದ ಅವರ ಗಂಟಲು ಒಡೆದಿತ್ತು.

ನಾಟಕ ಮಂಡಳಿಯ ಹುಡುಗರು ಮುಧೋಳದಿಂದ ಬೇರೆ ನಟನನ್ನು ಕರೆಸುವ ಮಾತೆತ್ತಿದರು. ಮರುದಿನದ ತಾಲೀಮು ನೋಡಿ ತೀರ್ಮಾನ ಎಂದರು. ಮುದುಕನ ಪಾತ್ರ ಹೋದರೆ ಮಾಸ್ತರರಿಗೆ ಉಳಿಯುವುದು ಬರೀ ಮುಪ್ಪು.

ಮರುದಿನ ಅವರು ಬೇಗ ಬಂದು ನನ್ನ ಪಕ್ಕ ಕೂತರು. “ಇಬ್ಬರೂ ಮುದುಕರು, ಇಬ್ಬರೂ ಮರಗತಾರ. ಒಂದ ಅಂಗಿ ಹಾಕಿ ನಿಲ್ಲಿಸಿದ್ರ ಗುರ್ತ ಹೆಂಗ ಹಿಡೀತಿ?”

ನನಗೆ ನಿಮ್ಮ ಅಜ್ಜ ನೆನಪಾದರು. ಊಟ ಮಾಡಿ ಹೊಸ್ತಿಲಲ್ಲಿ ನಿಂತು ಏನೋ ಹೇಳಲು ಹೋಗಿ, ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು.

“ಮೊದಲನೇದಾಂವ ಮಾಡಿದ್ದಕ್ಕ ಮರಗತಾನ್ರಿ. ಊರ ಮುಂದ ಮಗಳನ್ನ ಹೊರಗ ಹಾಕ್ಯಾನ, ಊರ ಮುಂದ ಒದರಬೇಕು. ಇಂವ ಮಾಡದ ಬಿಟ್ಟದ್ದಕ್ಕ ಮರಗತಾನ. ಹೇಂತಿ ಒಬ್ಬಾಕಿಗೆ ಹೇಳೂದಿತ್ರಿ. ಅದಕ್ಯಾಕ ಒದರಬೇಕು?”

ಅಷ್ಟು ಮಾತು ನಾನು ಒಟ್ಟಿಗೆ ಆಡಿ ಬಹಳ ದಿನಗಳಾಗಿದ್ದವು. ಮಾಸ್ತರರು ಎದ್ದು ಹೋಗಿ, ಎರಡೂ ಕಡೆಯ ಮಾಲೀಕರಿಗೆ ಕೈಮುಗಿದು ಮಗ್ಗ ನಿಲ್ಲಿಸಿ ಬಂದರು. ಒಡೆದ ದನಿಯಲ್ಲೇ, ಹೊರಸಿಗೆ ಮಾತ್ರ ಕೇಳಿಸುವಂತೆ ಮಾತಾಡಿದರು. ಬೇಡ ಎನ್ನಲು ಬಂದಿದ್ದ ಹುಡುಗರು ನೂಲಿನ ಮೂಟೆಗಳ ಮೇಲೆ ಹಾಗೇ ಕೂತುಬಿಟ್ಟರು. ಮುಧೋಳದ ಮಾತು ಮತ್ತೆ ಬರಲಿಲ್ಲ.

ನಾಟಕದ ದಿನ ಕಡೆಯ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದವರು ಪೊಟ್ಟಣ ಮಡಿಚಿಟ್ಟು ಕೂತರು. ನಾಟಕ ಮುಗಿದು ಚಪ್ಪಾಳೆ ನಿಲ್ಲದಿದ್ದಾಗ ಮಾಸ್ತರರು ಬದಿಯ ಪರದೆ ಸರಿಸಿದರು. ಪುಸ್ತಕ ಹಿಡಿದು ನಿಂತ ನಾನು ಊರಿಗೆಲ್ಲ ಕಂಡೆ. “ಈ ಮುದುಕನ ದನಿ ಈಕಿ ಕೊಟ್ಟದ್ದರಿ” ಎಂದರು. ನಾನು ಓಡಲಿಲ್ಲ.

ಹೋದ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಅಂದು ಓಣಿಯ ಮಗ್ಗಗಳೆಲ್ಲ ಯಾರೂ ಹೇಳದೆ ತಾವಾಗಿ ನಿಂತವು. ಅವರ ನೆನಪಿನ ಸಭೆಯಲ್ಲಿ ನಾನೇ ಎದ್ದು ಇಬ್ಬರು ಮುದುಕರ ಕಥೆ ಹೇಳಿದೆ. ಮೈಕು ತರಲು ಯಾರೋ ಎದ್ದರು. ಕಡೆಯ ಸಾಲಿನ ಮುದುಕಿಯೊಬ್ಬಳು ಅಂದಳು: “ಕುಂದರೋ ತಮ್ಮಾ, ಕೇಳಸ್ತೈತಿ.”